ಗಂಟೆಗೆ 550 ಬೇಟೆ! ಪುಟ್ಟ ಪಾರ್ಪಸ್ಸಿನ ಮುಗಿಯದ ಹಸಿವು

ಒಂದೇ ಒಂದು ಗಂಟೆಯಲ್ಲಿ 550 ಸಲ ಬೇಟೆ! ಅಂದರೆ ಆರೇಳು ಸೆಕೆಂಡಿಗೊಮ್ಮೆ ಒಂದು ಮೀನಿನ ಮೇಲೆ ದಾಳಿ. ಅದರಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಮೀನು ನೇರ ಬಾಯೊಳಗೆ. ಕಾಡನ್ನೇ ನಡುಗಿಸುವ ಹುಲಿಗೂ ಈ ಯೋಗವಿಲ್ಲ. ಅದರ ಬಹುಪಾಲು ದಾಳಿಗಳು ಹುಸಿಯಾಗುತ್ತವೆ. ಹಾಗಾದರೆ ಯಾರಪ್ಪಾ ಈ ಬೇಟೆಗಾರ? ತಿಮಿಂಗಿಲವೇ, ಶಾರ್ಕೇ? ಅಲ್ಲ. ಒಂದೂವರೆ ಮೀಟರ್ ಉದ್ದದ, 50-60 ಕಿಲೊ ತೂಕದ, ನಾಚಿಕೆ ಸ್ವಭಾವದ ಹಾರ್ಬರ್ ಪಾರ್ಪಸ್!

ಇದು ಡಾಲ್ಫಿನ್‌ಗಳ ನೆಂಟ. ಆದರೆ ಅವುಗಳ ಉದ್ದ ಮೂತಿ ಇದಕ್ಕಿಲ್ಲ, ಗುಂಪು ಕಟ್ಟಿ ಹಡಗಿನ ಮುಂದೆ ನೆಗೆದಾಡುವ ಗೀಳೂ ಇಲ್ಲ. ಡಾಲ್ಫಿನ್ ಹಲ್ಲು ಮೊನಚು. ಇದರದ್ದು ಸನಿಕೆಯ ಅಲಗಿನಂತೆ ಚಪ್ಪಟೆ. ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್, ಕಪ್ಪು ಸಮುದ್ರಗಳ ತಣ್ಣನೆಯ ತೀರಗಳೇ ಇದರ ಮನೆ. ಉಸಿರಿಗೆಂದು ಮೇಲೆ ಬಂದಾಗ ಬೆನ್ನಿನ ತ್ರಿಕೋನದ ಈಜುರೆಕ್ಕೆ ಅರೆಗಳಿಗೆ ಕಂಡೀತು, ಅಷ್ಟೆ. ಇಂಥ ಪ್ರಾಣಿಯ ದಿನಚರಿ ತಿಳಿಯುವುದಾದರೂ ಹೇಗೆ?

ದಾರಿ ತೋರಿಸಿದ್ದು ಡೆನ್ಮಾರ್ಕಿನ ಮೀನುಗಾರರು. ಅಲ್ಲಿನ ತೀರದಲ್ಲಿ ಕಂಬ ನೆಟ್ಟು ಕಟ್ಟುವ ದೊಡ್ಡ ಬಲೆಗಳೊಳಗೆ ಮೀನಿನ ಜತೆ ಪಾರ್ಪಸ್‌ಗಳೂ ನುಗ್ಗಿಬಿಡುತ್ತವೆ. ಮೇಲ್ಭಾಗ ತೆರೆದಿರುವುದರಿಂದ ಉಸಿರುಗಟ್ಟದೆ ಈಜಾಡಿಕೊಂಡಿರುತ್ತವೆ. ಅವನ್ನು ಬಿಡುಗಡೆ ಮಾಡುವಾಗ ವಿಜ್ಞಾನಿಗಳು ಬೆನ್ನಿಗೊಂದು ಪುಟ್ಟ ಯಂತ್ರ ಅಂಟಿಸಿ ಕಳಿಸಿದರು. ಅದು ಪ್ರಾಣಿಯ ಚಲನೆಯನ್ನೂ ಕಡಲಿನ ಸದ್ದನ್ನೂ ದಾಖಲಿಸಿಕೊಂಡು, ಆಮೇಲೆ ತಾನಾಗಿ ಕಳಚಿ ತೇಲಿತು. ಅದರೊಳಗೆ ಏನಿತ್ತು ಗೊತ್ತೆ? ಪಾರ್ಪಸ್ ಹೊರಡಿಸಿದ ಸದ್ದು ಮಾತ್ರವಲ್ಲ, ಮೀನಿಗೆ ಬಡಿದು ಮರಳಿದ ಪ್ರತಿಧ್ವನಿಯೂ! ಮೀನು ಬಾಲ ಬಡಿದ ವೇಗವೂ ಅದರಲ್ಲೇ ಸಿಕ್ಕಿತ್ತು. ಆ ವೇಗದಿಂದ ಮೀನಿನ ಅಳತೆ ತಿಳಿಯಿತು. ಬಹುತೇಕ 3ರಿಂದ 10 ಸೆಂಟಿಮೀಟರಿನ ಕಿರುಮೀನುಗಳು. ವಿಜ್ಞಾನಿ ದಾನುತಾ ವಿಸ್ನಿಯೆವ್ಸ್ಕಾ ಮತ್ತು ಸಂಗಡಿಗರು 2016ರಲ್ಲಿ ಈ ಲೆಕ್ಕ ಪ್ರಕಟಿಸಿದಾಗ ಕಡಲ ವಿಜ್ಞಾನಿಗಳೇ ಬೆರಗಾದರು.

ಕತ್ತಲ ನೀರಿನಲ್ಲಿ ಇಷ್ಟು ಸಣ್ಣ ಮೀನು ಸಿಗುವುದು ಕಿವಿಯ ಬಲದಿಂದ. ಮೂಗಿನ ಹಾದಿಯಲ್ಲಿ ಹುಟ್ಟಿದ ‘ಕ್ಲಿಕ್’ ಸದ್ದು ಹಣೆಯ ಕೊಬ್ಬಿನ ಉಂಡೆಯಲ್ಲಿ ಒಂದುಗೂಡಿ ಮುನ್ನುಗ್ಗುತ್ತದೆ. ಮರಳಿದ ಪ್ರತಿಧ್ವನಿ ಕೆಳದವಡೆಯ ಮೂಲಕ ಕಿವಿ ಸೇರುತ್ತದೆ. ಬೇಟೆ ಹತ್ತಿರವಾದಂತೆ ಕ್ಲಿಕ್‌ಗಳು ಒತ್ತೊತ್ತಾಗಿ, ಸೆಕೆಂಡಿಗೆ 300ಕ್ಕೂ ಮಿಗಿಲಾಗಿ, ಕೊನೆಗೆ ಒಂದೇ ಝೇಂಕಾರವಾಗಿಬಿಡುತ್ತವೆ. ಆ ಗಳಿಗೆಯಲ್ಲಿ ಪಾರ್ಪಸ್ ತನ್ನ ಸದ್ದಿನ ಹರವನ್ನೇ ಅಗಲ ಮಾಡಿಕೊಳ್ಳುತ್ತದೆ. ಪಕ್ಕಕ್ಕೆ ಜಿಗಿದ ಮೀನೂ ತಪ್ಪಿಸಿಕೊಳ್ಳಲಾರದು!

ಇನ್ನೊಂದು ಸೋಜಿಗ: ಈ ಸದ್ದಿನ ಕಂಪನ ಸುಮಾರು 130 ಕಿಲೊಹರ್ಟ್ಸ್. ನಮ್ಮ ಕಿವಿ 20ಕ್ಕೇ ಸೋಲುತ್ತದೆ. ಪಾರ್ಪಸ್ಸನ್ನು ತಿನ್ನುವ ಓರ್ಕಾ ತಿಮಿಂಗಿಲದ ಕಿವಿಯೂ 100ರ ಆಸುಪಾಸಿನಲ್ಲಿ ಮಂದವಾಗುತ್ತದೆ. ಶತ್ರುವಿಗೆ ಕೇಳಿಸದ ಸದ್ದಿನಲ್ಲಿ ಬೇಟೆ!

ಹೃದಯದ ಕತೆ ಇನ್ನೂ ಅಚ್ಚರಿಯದು. ತರಬೇತಿ ಪಡೆದ ಪಾರ್ಪಸ್‌ಗಳಿಗೆ ಮುಂದಿನ ಮುಳುಗು ದೀರ್ಘವೋ ಚಿಕ್ಕದೋ ಎಂಬ ಸುಳಿವು ಕೊಟ್ಟರೆ, ಅದಕ್ಕೆ ತಕ್ಕಂತೆ ಎದೆಬಡಿತವನ್ನು ಆರಂಭದಲ್ಲೇ ಇಳಿಸಿಕೊಳ್ಳುತ್ತವೆ.

ಇಷ್ಟೆಲ್ಲ ತಿನ್ನುವುದೇಕೆ? ಹೊಟ್ಟೆಬಾಕತನವಲ್ಲ. ಬಿಸಿರಕ್ತದ ಪುಟ್ಟ ದೇಹ ತಣ್ಣೀರಿನಲ್ಲಿ ಸದಾ ಶಾಖ ಕಳೆದುಕೊಳ್ಳುತ್ತದೆ. ಅದರ ಮೇಲೆ ಹತ್ತು-ಹನ್ನೊಂದು ತಿಂಗಳ ಬಸಿರು. ಎಷ್ಟೋ ತಾಯಂದಿರು ಒಂದು ಮರಿಗೆ ಹಾಲೂಡುತ್ತಲೇ ಇನ್ನೊಂದನ್ನು ಹೊತ್ತಿರುತ್ತವೆ. ಉಪವಾಸ ಇವುಗಳಿಗೆ ಆಗಿಬರುವುದಿಲ್ಲ.

ಅಪಾಯವಿರುವುದೂ ಇಲ್ಲೇ. ಹಡಗಿನ ಗದ್ದಲ ಜೋರಾದಾಗ ಪಾರ್ಪಸ್‌ಗಳು ಬೇಟೆ ಬಿಟ್ಟು ಆಳಕ್ಕಿಳಿದದ್ದನ್ನು ಅದೇ ಯಂತ್ರಗಳು ದಾಖಲಿಸಿವೆ. ಬೇಟೆ ನಿಂತ ಒಂದೊಂದು ನಿಮಿಷಕ್ಕೂ ಎಷ್ಟು ಮೀನು ಕೈತಪ್ಪಿತೋ ಲೆಕ್ಕ ಹಾಕಿ. ನೀರಿನಲ್ಲಿ ನೆಟ್ಟಗೆ ನಿಲ್ಲುವ ಸಣ್ಣೆಳೆಯ ಗಿಲ್‌ನೆಟ್ ಬಲೆಗಳಿಂದ ಮರಳುವ ಪ್ರತಿಧ್ವನಿ ತೀರ ಕ್ಷೀಣ. ಸಿಕ್ಕಿಬಿದ್ದರೆ ಉಸಿರಿಗೆ ಮೇಲೆ ಬರಲಾಗದು. ದಶಕಗಳ ಹಿಂದೆಯೇ ನಿಷೇಧವಾದ ಪಿಸಿಬಿ ರಾಸಾಯನಿಕ ಇಂದಿಗೂ ಇವುಗಳ ಕೊಬ್ಬಿನಲ್ಲಿದೆ. ಅದು ರೋಗನಿರೋಧಕ ಶಕ್ತಿಯನ್ನು ಕುಂದಿಸಿ, ಗರ್ಭಕ್ಕೆ ಕುತ್ತು ತಂದು, ತಾಯಿಯ ಹಾಲಿನೊಂದಿಗೆ ಮರಿಗೂ ಇಳಿಯುತ್ತದೆ. ಶ್ವಾಸಕೋಶ ಹೊಕ್ಕ ಹುಳುಗಳ ಕಾಟ ಬೇರೆ.

ಬಾಲ್ಟಿಕ್ ಸಮುದ್ರದ ಪಾರ್ಪಸ್‌ಗಳ ಗತಿ ನೋಡಿ. 2011ರಿಂದ 2013ರವರೆಗೆ 304 ಜಾಗಗಳಲ್ಲಿ ಸದ್ದು ಆಲಿಸುವ ಯಂತ್ರಗಳನ್ನು ಮುಳುಗಿಸಿಟ್ಟು ಎಣಿಸಿದಾಗ, ಅಲ್ಲಿನ ಒಳಗಡಲಿನಲ್ಲಿ ಉಳಿದಿದ್ದು ಸುಮಾರು 500 ಮಾತ್ರ.

ಆದರೆ ಉಪಾಯವಿಲ್ಲದಿಲ್ಲ. ಅಮೆರಿಕದ ಈಶಾನ್ಯ ತೀರದಲ್ಲಿ 1994ರಲ್ಲಿ ಬಲೆಗಳಿಗೆ ಎಚ್ಚರಿಕೆ ಸದ್ದು ಮಾಡುವ ‘ಪಿಂಗರ್’ ಕಟ್ಟಿ ನೋಡಿದರು. ಪಿಂಗರ್ ದನಿಯಿಲ್ಲದ ಬಲೆಗಳಿಗೆ 25 ಪಾರ್ಪಸ್ ಬಲಿಯಾದರೆ, ದನಿಯಿದ್ದ ಬಲೆಗಳಿಗೆ ಸಿಕ್ಕಿದ್ದು ಎರಡೇ!

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. ಹಾರ್ಬರ್ ಪಾರ್ಪಸ್ಸಿನ ಸೋದರಬಂಧು, ಬೆನ್ನುರೆಕ್ಕೆಯಿಲ್ಲದ ಫಿನ್‌ಲೆಸ್ ಪಾರ್ಪಸ್, ಕರ್ನಾಟಕದ ಕಡಲಲ್ಲೇ ಇದೆ. ಬಲೆಗೆ ಸಿಕ್ಕಿ ಸಾಯುವ ಗತಿ ಅದಕ್ಕೂ ತಪ್ಪಿಲ್ಲ. ಭಾರತದಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ದಡಕ್ಕೆ ಬಂದು ಬಿದ್ದಿರುವುದನ್ನು ಕಂಡರೆ ಸುತ್ತ ನೆರೆದು ಫೋಟೊ ತೆಗೆಯಬೇಡಿ. ಜೀವವಿದ್ದರೆ ಮೂಗಿನ ರಂಧ್ರಕ್ಕೆ ನೀರು ಹೋಗದಂತೆ ಮೈಯನ್ನಷ್ಟೇ ತೇವವಾಗಿಟ್ಟು, ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ.