ಲಾಂಚ್ ಆದ ಮೇಲೂ ಆರು ವರ್ಷ! ಯುದ್ಧನೌಕೆ ಸಜ್ಜಾಗೋದು ಹೇಗೆ?

ಹೋದ ವಿಡಿಯೋ ನೋಡಿದ ಐರೋಲಿಯ ಗೆಳೆಯರೊಬ್ಬರು ಕೇಳಿದ್ರು: "ಐಎನ್‌ಎಸ್ ಮೈಸೂರು 1993ರಲ್ಲೇ ನೀರಿಗೆ ಇಳಿದಿತ್ತು, ನೌಕಾಪಡೆಗೆ ಸೇರಿದ್ದು 1999ರ ಜೂನ್‌ನಲ್ಲಿ. ಮಧ್ಯೆ ಆರು ವರ್ಷ ಏನ್ ಮಾಡ್ತಿದ್ರು ಸರ್?"

ಒಳ್ಳೆ ಪ್ರಶ್ನೆ. ಗಂಡಭೇರುಂಡದ ಲಾಂಛನ ಹೊತ್ತ ಆ ಹಡಗು ಕಟ್ಟಿದ್ದು ಇಲ್ಲೇ, ನಮ್ಮ ಹಾರ್ಬರ್ ಲೈನ್‌ನ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಹತ್ತಿರದ ಮಜಗಾಂವ್ ಡಾಕ್‌ನಲ್ಲಿ.

ಲಾಂಚ್ ಅಂದ ಕೂಡಲೇ ಸಾಫ್ಟ್‌ವೇರ್‌ನವರಾದ ನಮಗೆ ಕೆಲಸ ಮುಗೀತು ಅನಿಸುತ್ತೆ. ಹಡಗಿನ ಲೆಕ್ಕದಲ್ಲಿ ಲಾಂಚ್ ಅಂದರೆ ಉಕ್ಕಿನ ಒಡಲು ತೇಲಿತು, ಅಷ್ಟೇ. ಪ್ರೊಪೆಲ್ಲರ್, ಶಾಫ್ಟ್, ಚುಕ್ಕಾಣಿ ಇವನ್ನೆಲ್ಲ ಸಾಮಾನ್ಯವಾಗಿ ಮೊದಲೇ ಕೂರಿಸಿರುತ್ತಾರೆ, ನೀರೊಳಗೆ ಹೋದ ಮೇಲೆ ಕೈಗೆ ಸಿಗಲ್ಲವಲ್ಲ! ಆಮೇಲೆ ಜೆಟ್ಟಿಗೆ ಕಟ್ಟಿ ಕೇಬಲ್, ಪೈಪು, ಎಸಿ, ರೇಡಾರ್, ತೋಪು, ಕ್ಷಿಪಣಿ ಲಾಂಚರ್, ಅಡುಗೆಮನೆ, ಬಂಕ್ ಎಲ್ಲವನ್ನೂ ತುಂಬಬೇಕು. ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ವೆಲ್ಡರ್, ಎಲೆಕ್ಟ್ರಿಷಿಯನ್, ಪೇಂಟರ್ ಮೂವರಿಗೂ ಕೆಲಸ ಇರುತ್ತೆ. ಒಬ್ಬನ ಕಿಡಿ ಇನ್ನೊಬ್ಬನ ಬಣ್ಣಕ್ಕೋ ಕೇಬಲ್‌ಗೋ ತಾಗಿದರೆ? ಅದಕ್ಕೇ ಈ ಹಂತದಲ್ಲಿ ಬೆಂಕಿಯ ಭಯ ಜಾಸ್ತಿ. 2019ರ ಜೂನ್ 21ರಂದು ಇದೇ ಯಾರ್ಡ್‌ನಲ್ಲಿ, ಕಟ್ಟುತ್ತಿದ್ದ 'ವಿಶಾಖಪಟ್ಟಣಂ' ಹಡಗಿಗೆ ಬೆಂಕಿ ಬಿದ್ದು ಒಬ್ಬ ಗುತ್ತಿಗೆ ಕಾರ್ಮಿಕ ತೀರಿಕೊಂಡ. ಕಮಿಷನಿಂಗ್ ಫೋಟೋಗಳಲ್ಲಿ ಇಂಥವರು ಕಾಣಲ್ಲ.

ಇನ್ನು ಪರೀಕ್ಷೆಗಳು. ಮೊದಲು ಹಡಗನ್ನು ಕಟ್ಟಿಟ್ಟೇ ಎಂಜಿನ್ ಓಡಿಸ್ತಾರೆ. ನನಗೆ ಭಾರಿ ಇಷ್ಟವಾಗೋದು ವಾಲಿಸುವ ಪರೀಕ್ಷೆ: ಗೊತ್ತಿರುವ ತೂಕವನ್ನು ಡೆಕ್ ಮೇಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಸರಿಸಿ, ಹಡಗು ಎಷ್ಟು ವಾಲಿತು ಅಂತ ಅಳೆದು, ಅದರ ಗುರುತ್ವಕೇಂದ್ರ ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕೋದು. ಸಾವಿರಾರು ಟನ್ ಹಡಗಿಗೂ ಹೈಸ್ಕೂಲ್ ಭೌತಶಾಸ್ತ್ರವೇ! ಆಮೇಲೆ ಸಮುದ್ರ ಪರೀಕ್ಷೆ. ಮೊದಲು ಕಟ್ಟಿದವರದು, ನಂತರ ನೌಕಾಪಡೆಯದು. ನಮ್ಮ ಯುಎಟಿ ಇದ್ದ ಹಾಗೆ ಅನ್ನಿ, ಆದರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ. 'ಇಂಫಾಲ್' 2023ರ ಏಪ್ರಿಲ್ 28ಕ್ಕೆ ಮೊದಲ ಸಲ ಸಮುದ್ರಕ್ಕೆ ಹೋಯಿತು, ಅಕ್ಟೋಬರ್ 20ಕ್ಕೆ ನೌಕಾಪಡೆಯ ಕೈ ಸೇರಿತು. ಕಮಿಷನ್ ಆಗೋ ಮೊದಲೇ ಬ್ರಹ್ಮೋಸ್ ಕ್ಷಿಪಣಿಯನ್ನೂ ಹಾರಿಸಿತ್ತು.

ಈಗಲೂ ಆರು ವರ್ಷ ಬೇಕಾ? ಅದೇ ವರ್ಗದ ಮೊದಲ ಹಡಗು 'ವಿಶಾಖಪಟ್ಟಣಂ' 2015ರ ಏಪ್ರಿಲ್‌ನಲ್ಲಿ ನೀರಿಗಿಳಿದು 2021ರ ನವೆಂಬರ್‌ನಲ್ಲಿ ಸೇವೆಗೆ ಬಂತು. ಕೊನೆಯದಾದ 'ಸೂರತ್' 2022ರ ಮೇನಲ್ಲಿ ಇಳಿದು 31 ತಿಂಗಳಲ್ಲೇ ಹಸ್ತಾಂತರವಾಯಿತು. ಮೊದಲ ಹಡಗಿನಲ್ಲಿ ಕಲಿತದ್ದು ಮುಂದಿನದಕ್ಕೆ ಸಿಗುತ್ತೆ, ಅದೊಂದು. ಇನ್ನೊಂದು, ಒಡಲನ್ನು ದೊಡ್ಡ ದೊಡ್ಡ ಬ್ಲಾಕ್‌ಗಳಾಗಿ ಮಾಡಿ, ಜೋಡಿಸೋ ಮೊದಲೇ ಒಳಗೆ ಪೈಪು, ಕೇಬಲ್ ಹಾದಿ ಕೂರಿಸಿಬಿಟ್ಟರೆ ಆಮೇಲೆ ಕತ್ತಲೆ ಗೂಡಿಗೆ ನುಸುಳೋ ಕೆಲಸ ಎಷ್ಟೋ ಕಮ್ಮಿ.

ಕಡೆಗೆ ಕಮಿಷನಿಂಗ್ ದಿನ. ಕ್ಯಾಪ್ಟನ್ ಆದೇಶಪತ್ರ ಓದುತ್ತಾರೆ, ನೌಕಾಪಡೆಯ ಧ್ವಜ ಏರುತ್ತೆ, ಜೊತೆಗೆ ಉದ್ದನೆಯ ತೆಳು ಪತಾಕೆಯೊಂದು ಸ್ತಂಭದ ತುದಿಗೆ ಹೋಗುತ್ತೆ. ಹಡಗು ನಿವೃತ್ತಿಯಾಗುವವರೆಗೆ, ಹಗಲೂ ರಾತ್ರಿ, ಆ ಪತಾಕೆ ಅಲ್ಲೇ.