ಇಲಿ ಬಿದ್ದ ಮನೆ

ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಅದರ ಹೆಜ್ಜೆಯ ಗುರುತನ್ನು ಮೊದಲು ಕಾಣುವವರು ಯಾರು? ವೈದ್ಯರೆ, ಅಧಿಕಾರಿಗಳೆ? ಬೆಂಗಳೂರಿನ ಪ್ಲೇಗಿನ ಚರಿತ್ರೆಯನ್ನು ನೆನೆದಾಗ ನನಗೆ ತೋರುವ ಉತ್ತರ ಬೇರೆ. ಮೊದಲು ಕಾಣುವವರು ಮನೆಯವರು.

1896ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿದ ಪ್ಲೇಗು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ಸರಿಯುತ್ತ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಗಾಳಿ ಬೆಳಕು ಸಾಲದ ಪೇಟೆಯ ಓಣಿಗಳಲ್ಲಿ, ಧಾನ್ಯದ ಮೂಟೆಗಳ ನಡುವೆ ಅದಕ್ಕೆ ನೆಲೆ ದೊರೆಯಿತು. ಆಡಳಿತವೇನೂ ಕೈಕಟ್ಟಿ ಕುಳಿತಿರಲಿಲ್ಲ. ಪ್ರಯಾಣಿಕರ ತಪಾಸಣೆ ನಡೆಯಿತು. ರೋಗಿಗಳನ್ನು ಬೇರ್ಪಡಿಸಿ, ಅವರ ಮನೆಮಂದಿಯನ್ನು ಊರಾಚೆಯ ಶಿಬಿರಗಳಿಗೆ ಕಳುಹಿಸಲಾಯಿತು. ಮನೆಗಳನ್ನು ಔಷಧ ಹಾಕಿ ತೊಳೆಸಲಾಯಿತು. ಆದರೆ ಶೋಧಕರು ಹುಡುಕುತ್ತಿದ್ದುದು ಕಾಯಿಲೆಯ ಮನುಷ್ಯನನ್ನು. ರೋಗ ಸಂಚರಿಸುತ್ತಿದ್ದುದು ಇಲಿಯ ಮೈಯಲ್ಲಿ.

ಜನ ಬಹುಬೇಗ ಇಲಿಯನ್ನು ಗಮನಿಸಿದರು. 'ಇಲಿ ಬಿತ್ತು' ಎಂಬ ಎರಡೇ ಮಾತು ಕಿವಿಗೆ ಬಿದ್ದರೆ ಸಾಕು, ಮನೆಗೆ ಬೀಗ ಹಾಕಿ, ಹೊಲತೋಟಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಇದನ್ನು ಮೂಢನಂಬಿಕೆಯೆಂದು ತಳ್ಳುವಂತಿಲ್ಲ. ಅದೇ 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮೋಂ ಕಂಡುಕೊಂಡದ್ದೂ ಇದರ ಕಾರಣವನ್ನೇ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟವು ಅದನ್ನು ಬಿಟ್ಟು ಬೆಚ್ಚನೆಯ ಮತ್ತೊಂದು ಜೀವವನ್ನು ಅರಸಿ ಹೊರಡುತ್ತದೆ. ವಿದ್ವಾಂಸರು ಆತನ ಮಾತನ್ನು ಒಪ್ಪಲು ಹಲವು ವರ್ಷಗಳೇ ಹಿಡಿದವು.

ಮನೆಯವರು ಕಂಡ ಗುರುತು ಕಚೇರಿಯನ್ನೇಕೆ ಮುಟ್ಟಲಿಲ್ಲ? ಭಯದಿಂದ. ತಂದೆಯನ್ನು ಆಸ್ಪತ್ರೆಗೂ ಮಕ್ಕಳನ್ನು ಶಿಬಿರಕ್ಕೂ ಒಯ್ಯುವರೆಂದು ಹೆದರಿ ಜನ ರೋಗವನ್ನು ಬಚ್ಚಿಟ್ಟರು, ಕೆಲವೊಮ್ಮೆ ಶವವನ್ನೂ ಬಚ್ಚಿಟ್ಟರು. ಪುಣೆಯಲ್ಲಿ ಸೈನಿಕರು ಮನೆಹೊಕ್ಕು ನಡೆಸಿದ ಶೋಧನೆಯು ಎಬ್ಬಿಸಿದ ರೋಷ, 1897ರಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಕೊಲೆಗೇ ಕಾರಣವಾಯಿತು. ಬಚ್ಚಿಟ್ಟ ರೋಗ ಲೆಕ್ಕದಿಂದ ತಪ್ಪಿಸಿಕೊಂಡಿತೇ ಹೊರತು ಓಣಿಯನ್ನು ಬಿಟ್ಟು ಹೋಗಲಿಲ್ಲ.

ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ನೇರವಾದ ಬೀದಿಗಳೊಡನೆ ಬೆಳೆದವು. ಮಲ್ಲೇಶ್ವರದ ಮನೆಗಳ ಹಿಂದಿನ ಕಿರಿದಾದ ನೈರ್ಮಲ್ಯದ ಓಣಿಗಳಲ್ಲಿ ನಡೆಯುವಾಗ, ಊರನ್ನು ಕಟ್ಟುವುದೂ ಒಂದು ಚಿಕಿತ್ಸೆಯೆಂದು ನನಗನಿಸುತ್ತದೆ. ಆದರೆ ಬೀದಿಯನ್ನು ಅಗಲಿಸಿದಷ್ಟು ಸುಲಭವಾಗಿ ವಿಶ್ವಾಸವನ್ನು ಗಳಿಸಲಾಗದು.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಇಲ್ಲಿ ಹುಡುಕಬೇಕಾದದ್ದು ಇಲಿಯನ್ನಲ್ಲ. ತೊಟ್ಟಿಯಲ್ಲೋ ಹೂಕುಂಡದ ತಟ್ಟೆಯಲ್ಲೋ ನಿಂತ ನೀರಿನ ಸೊಳ್ಳೆಮರಿಯನ್ನು. ಅದನ್ನು ನೋಡಲು ಬರುವ ಆಶಾ ಕಾರ್ಯಕರ್ತೆಯ ಹಿಂದೆ ಸೈನಿಕರಿಲ್ಲ. ನಾವು ಬಾಗಿಲು ತೆರೆದು, ಮೂರು ದಿನದಿಂದ ಮಗುವಿಗೆ ಜ್ವರವೆಂದು ಹೇಳಿದರೆ, ಆಕೆಯ ಪುಸ್ತಕದಲ್ಲಿ ರೋಗದ ಹಾದಿ ಮೂಡತೊಡಗುತ್ತದೆ.