ಪ್ಲಾಸ್ಟಿಕ್ಕಿನ ಒಳಗನ್ನು ಓದುವ ಬೆಳಕು

ಮಕ್ಕಳ ಹಗುರ ಚಪ್ಪಲಿಯ ಮೆತ್ತನೆಯ ಸೋಲ್ ಹೆಚ್ಚಾಗಿ ಇವಿಎ ಎಂಬ ಪ್ಲಾಸ್ಟಿಕ್ಕಿನದು. ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಅಣುಗಳನ್ನು ಸರಪಳಿಯಂತೆ ಪೋಣಿಸಿ ಇದನ್ನು ತಯಾರಿಸುತ್ತಾರೆ. ಇದೇ ಜಾತಿಯ ಪ್ಲಾಸ್ಟಿಕ್ಕನ್ನು ಕ್ಷಾರದೊಂದಿಗೆ ವರ್ತಿಸಲು ಬಿಟ್ಟರೆ ಅಸಿಟೇಟ್ ಗುಂಪು ಕಳಚಿ, ಆ ಜಾಗಕ್ಕೆ ಆಮ್ಲಜನಕ-ಜಲಜನಕದ ಜೋಡಿ ಬರುತ್ತದೆ. ಆಗ ಸಿಗುವುದೇ ಇವಿಒಎಚ್. ಗಾಳಿಯ ಆಮ್ಲಜನಕ ಒಳನುಸುಳದಂತೆ ತಡೆಯುವ ಇದರ ತೆಳು ಪದರವನ್ನು ಕೆಲವು ಆಹಾರ ಪೊಟ್ಟಣಗಳಲ್ಲಿ ಬಳಸುತ್ತಾರೆ.

ಈ ಬದಲಾವಣೆ ಅರ್ಧಕ್ಕೆ ನಿಂತರೆ ಪದರ ಅಷ್ಟು ಚೆನ್ನಾಗಿ ತಡೆಯದು, ಒಳಗಿನ ತಿನಿಸು ಬೇಗ ಕೆಡಬಹುದು. ಆದರೆ ಅದು ಪೂರ್ತಿಯಾಗಿದೆಯೇ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಇಲ್ಲಿ ನೆರವಿಗೆ ಬರುವುದು ರೋಹಿತದರ್ಶನ.

ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಸದಾ ಅದುರುತ್ತಿರುತ್ತವೆ. ಅವಕೆಂಪು ಕಿರಣ ಹಾಯಿಸಿದಾಗ ಹಲವು ಬಂಧಗಳು ತಮ್ಮ ತಮ್ಮ ಅದುರಾಟಕ್ಕೆ ಹೊಂದುವ ಅಲೆಯನ್ನು ಹೀರುತ್ತವೆ. ಇಂಗಾಲ-ಜಲಜನಕ ಬಂಧ ಹೀರುವುದು ಒಂದು ಸೆಂಟಿಮೀಟರಿನಲ್ಲಿ ಸುಮಾರು 2900 ಅಲೆಗಳಿರುವ ಕಿರಣವನ್ನು. ಅಸಿಟೇಟಿನಲ್ಲಿರುವ ಇಂಗಾಲ-ಆಮ್ಲಜನಕ ದ್ವಿಬಂಧ ಹೀರುವುದು ಸುಮಾರು 1740 ಅಲೆಗಳಿರುವುದನ್ನು. ಯಂತ್ರ ಬರೆಯುವ ನಕ್ಷೆಯಲ್ಲಿ, ಹೀರಿಕೆ ನಡೆದ ಕಡೆಯಲ್ಲೆಲ್ಲ ಒಂದೊಂದು ಶಿಖರ ಮೂಡುತ್ತದೆ.

ಕ್ರಿಯೆ ಮುಂದುವರಿದಂತೆ 1740ರ ಶಿಖರ ಕುಗ್ಗುತ್ತದೆ, 3300ರ ಸುತ್ತ ಅಗಲವಾದ ಹೊಸ ಶಿಖರ ಏಳುತ್ತದೆ. ಅದು ಹೊಸದಾಗಿ ಬಂದ ಆಮ್ಲಜನಕ-ಜಲಜನಕ ಬಂಧದ ಗುರುತು. ಬದಲಾಗದ ಮುಖ್ಯ ಸರಪಳಿಯ ಶಿಖರವೊಂದನ್ನು ಅಳತೆಗೋಲಾಗಿಟ್ಟು, ಅದರೊಂದಿಗೆ 1740ರ ಶಿಖರವನ್ನು ಹೋಲಿಸಿದರೆ ಎಷ್ಟು ಅಸಿಟೇಟ್ ಉಳಿದಿದೆಯೆಂದು ಲೆಕ್ಕ ಹಾಕಬಹುದು.

ಅಣು, ಬಂಧ, ದ್ವಿಬಂಧ, ಕ್ಷಾರ: ಇಲ್ಲಿ ಬೇಕಾದ ಈ ಪದಗಳೆಲ್ಲ ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕದಲ್ಲಿ ಬರುವಂಥವೇ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಹೆಸರುಗಳನ್ನು ಕಲಿಯಬೇಕಾಗುತ್ತದೆ, ನಿಜ. ಆದರೆ ವಿಷಯ ಮೊದಲೇ ತಿಳಿದಿದ್ದರೆ ಹೊಸ ಹೆಸರು ಹೊರೆಯಾಗದು.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಪ್ರಕಟಿಸಿದ ದಿನವದು. ಚದುರಿದ ಬೆಳಕಿನ ಬಣ್ಣದಲ್ಲಾಗುವ ಸಣ್ಣ ವ್ಯತ್ಯಾಸದಿಂದ ಅಣುಗಳ ಅದುರಾಟವನ್ನು ತಿಳಿಯುವ ಈ ವಿಧಾನವನ್ನೂ ಇಂದು ಪ್ಲಾಸ್ಟಿಕ್ ಪರೀಕ್ಷೆಗೆ ಬಳಸುತ್ತಾರೆ. ಆ ದಿನದ ಶಾಲಾ ಭಾಷಣಕ್ಕೆ ಮಗು ವಿಷಯ ಹುಡುಕುತ್ತಿದ್ದರೆ ಇದನ್ನು ಸೂಚಿಸಿ. ಕ್ರಿಯೆಗೆ ಮುಂಚಿನ ಹಾಗೂ ನಂತರದ ನಕ್ಷೆಗಳನ್ನು ಒಂದೇ ಹಾಳೆಯಲ್ಲಿ ಬರೆಸಿ, 1740ರ ಶಿಖರ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ.